ಗೆರೆ ಓದುವ ಮೆಷಿನ್ನಿಗೆ ನಾನು ಮಾಡಿದ ಬೋಣಿ

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು! ಆ ಸಂಜೆ ಚನ್ನಪಟ್ಟಣದ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೀಗೇ ಕೂಗಿ ಹೇಳಿದೆ. ಮೂರನೇ ಕ್ಲಾಸು ಓದಿದವಳು ನಾನು, ಬರೆಯುವಾಗಲೂ ನಗು ತಡೆಯಲಾಗುತ್ತಿಲ್ಲ.

ಬೊಂಬೆ ಕಾರ್ಖಾನೆಯಲ್ಲಿ ನಾನು ಡಬ್ಬಿಗೆ ಚೀಟಿ ಅಂಟಿಸುತ್ತಿದ್ದೆ. ಹೊರದೇಶಕ್ಕೆ ಹೋಗುವ ಮಾಲು. ಬೊಂಬೆ ಒಂದು, ಚೀಟಿ ಇನ್ನೊಂದು ಆಗಬಾರದು. ಅದಕ್ಕೆ ಚೀಟಿಯ ಮೇಲಿನ ಕಪ್ಪು ಗೆರೆ, ಅದೇ ಬಾರ್‌ಕೋಡು, ಓದುವ ಮೆಷಿನ್ ಬಂತು, ನೋಡಲು ಪಿಸ್ತೂಲಿನಂತೆ. ಹೊಸದಾಗಿ ಸೇರಿದ್ದ ಮೊಮ್ಮಗಳು ಮೆಷಿನ್ ಜೊತೆ ಬಂದ ಪುಸ್ತಕದ ಗೆರೆಗಳನ್ನು ಅದಕ್ಕೆ ತೋರಿಸಿ ತೋರಿಸಿ ಪಾಠ ಕಲಿಸಿದಳು: ಒಂದು ಚೀಟಿಯನ್ನು ಮಾದರಿಯಾಗಿ ಇಟ್ಟುಕೋ, ಉಳಿದದ್ದನ್ನು ಹೋಲಿಸು, ಸರಿಯಿದ್ದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ನನಗೆ ನಂಬಿಕೆ ಬರಲಿಲ್ಲ.

ಮೊದಲ ದಿನ ಹಸಿರು. ಮರುದಿನದಿಂದ ಬರೀ ಕೆಂಪು.

"ಸಂಜೆ ಒಳಗೆ ಸರಿ ಮಾಡವ್ವ. ಇಲ್ದಿದ್ರೆ ನಾಳೆಯಿಂದ ಬರಬ್ಯಾಡ," ಎಂದರು ಮಾಲೀಕರು ಮೊಮ್ಮಗಳಿಗೆ.

ನನಗೆ ಮೇಸ್ತ್ರಿಯ ಮೇಲೇ ಗುಮಾನಿ. ಮೊಮ್ಮಗಳ ಜಾಗಕ್ಕೆ ತನ್ನ ನಾದಿನಿಯನ್ನು ತರಬೇಕೆಂದಿದ್ದ. ಡಬ್ಬಿಗಳ ಹಿಂದೆ ಕೂತು ಕಾದೆ. ಬಂದ, ಮೇಜಿನತ್ತ ಬಗ್ಗಿದ, ತನ್ನ ಟೀ ಲೋಟ ತೆಗೆದುಕೊಂಡು ಹೋದ. ಲೋಟದ ಮೇಲೂ ಅನುಮಾನ ಬಂತು ನನಗೆ.

"ಅಜ್ಜಿ, ನನ್ಗಿಂತ ಮೊದ್ಲು ಯಾರೋ ಇದನ್ನ ಒತ್ತವ್ರೆ," ಎಂದಳು ಮೊಮ್ಮಗಳು ಮೆಷಿನ್ನನ್ನು ತಿರುಗಿಸಿ ನೋಡುತ್ತ.

"ಆ ಮೇಸ್ತ್ರಿನೇಯ!"

"ಬೆಳಗ್ಗೆ ಬಾಗ್ಲು ತೆಗೆಯೋಳು ನೀನು. ನೀನೇನಾರ ಒತ್ತಿದ್ಯಾ?"

"ನಾನ್ಯಾಕ್ ಒತ್ತಲಿ? ಬೋಣಿ ಮಾಡ್ದೆ, ಅಷ್ಟೇಯ."

ಕಾರ್ಖಾನೆಯ ಮೊದಲ ಡಬ್ಬಿಯ ಚೀಟಿ ದೇವರ ಪಟಕ್ಕೆ ಅಂಟಿಸಿದ್ದರು. ಮೆಷಿನ್ ಬಂದ ಮರುದಿನದಿಂದ ದಿನವೂ ಊದುಬತ್ತಿ ಹಚ್ಚಿ, ಒಳ್ಳೆಯದಾಗಲಿ ಎಂದು ಮೆಷಿನ್ನನ್ನು ಮೊದಲು ಆ ಚೀಟಿಗೇ ತೋರಿಸಿ ಒತ್ತುತ್ತಿದ್ದೆ.

ಮೊಮ್ಮಗಳು ಹಣೆ ಚಚ್ಚಿಕೊಂಡಳು. "ಆನ್ ಮಾಡಿದ್ ಮ್ಯಾಲೆ ಮೊದ್ಲು ಓದಿದ್ದೇ ಮಾದರಿ ಕಣಜ್ಜಿ ಇದಕ್ಕೆ! ದೇವ್ರ ಚೀಟಿ ಹಿಡ್ಕೊಂಡು ಕುಂತೈತೆ. ಯಾವ್ ಬೊಂಬೆ ತಾನೇ ಮ್ಯಾಚ್ ಆದಾತು?"

ಮೆಷಿನ್ನನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ, ಅವತ್ತಿನ ಕುದುರೆ ಬೊಂಬೆಯ ಚೀಟಿ ಮೊದಲು ಓದಿಸಿದಳು. ಹಸಿರು, ಹಸಿರು. ಮಾಲೀಕರ ಮುಂದೆ ತಪ್ಪು ಒಪ್ಪಿಕೊಂಡೆ. ಆದರೂ ಮೆಷಿನ್ನನ್ನು ನಂಬಲು ಮನಸ್ಸು ಕೇಳಲಿಲ್ಲ. ಕುದುರೆಗಳ ನಡುವೆ ರೈಲು ಬೊಂಬೆಯ ಡಬ್ಬಿಯೊಂದನ್ನು ಸದ್ದಿಲ್ಲದೆ ತೂರಿಸಿದೆ. ಕೆಂಪು ದೀಪ!

"ಇದ್ಯಾರ ಕೆಲಸ?" ಎಂದರು ಮಾಲೀಕರು.

"ನಂದೇ ಸಾಮಿ. ಒಸಿ ಪರೀಕ್ಷೆ ಮಾಡ್ದೆ."

ಅವರಿಗೆ ನಗು ಬಂತು. "ಮೊಮ್ಮಗಳು ಖಾಯಂ. ಅಜ್ಜಿ ಮಾತ್ರ ಮೆಷಿನ್ ಮುಟ್ಟಂಗಿಲ್ಲ."

ರಾತ್ರಿ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅವರೆಕಾಳು ಸಾರು. ಮೊದಲ ಮುದ್ದೆಯನ್ನು ಮೊಮ್ಮಗಳ ತಟ್ಟೆಗೇ ಇಟ್ಟೆ.

"ಬೋಣಿ ಆಯ್ತು," ಎಂದ ನನ್ನ ಮಗ. "ಇನ್ ನಮ್ಮ ಮುದ್ದೆನೂ ಅದರಷ್ಟೇ ಇರ್ಬೇಕು ಕಣವ್ವ, ಇಲ್ದಿದ್ರೆ ಕೆಂಪು ದೀಪ!"

ಅವನ ತಟ್ಟೆಗೆ ಒಸಿ ದೊಡ್ಡದನ್ನೇ ಹಾಕಿದೆ.