ಶೆಡ್ಡಿನ ಮೂಲೆಯ ನಲವತ್ತು ಕೋಳಿಗಳು

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಹೆಬ್ಬೆರಳಿನಿಂದಲೇ ಕೋಳಿಯ ಅಂಗಾಲು ಒತ್ತಿ ನೋಡುತ್ತಿದ್ದರು. ದಿನಾ ಬೆಳಿಗ್ಗೆ ಶೆಡ್ಡಿನೊಳಗೆ ಕೂತು ಹತ್ತು ಕೋಳಿಗಳ ಕಾಲು ನೋಡಿದ ಮೇಲೇ ಅವರಿಗೆ ಕಾಫಿ. ನಮ್ಮೊಂದಿಗೆ ಕನ್ನಡ, ಕೋಳಿಗಳೊಂದಿಗೆ ತೆಲುಗು. "ಲೆಯ್ ರಾ ಬಂಗಾರು" ಎಂದು ಎಬ್ಬಿಸುವರು. ಎದ್ದು ನಡೆದರೆ ಸರಿ, ಇಲ್ಲವಾದರೆ ಅಂದು ಕಾಫಿ ತಣ್ಣಗಾದಂತೆಯೇ.

ಆಂಧ್ರ ಗಡಿಯ ಗೌನಿಪಲ್ಲಿ ಕಡೆಯ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರ ಶೆಡ್ಡಿಗೆ ನಾನು ಕೋಳಿ ಕಂಪನಿಯ ಸೂಪರ್‌ವೈಸರ್. ಮರಿ, ಫೀಡು ಕಂಪನಿಯದು, ಸಾಕಣೆ ಅಕ್ಕನದು, ವಾರಕ್ಕೊಮ್ಮೆ ಹೋಗಿ ವರದಿ ಬರೆಯುವುದು ನನ್ನ ಕೆಲಸ. ಓದಿ ಬಂದಿದ್ದ ನನಗೆ ಕೋಳಿ ನೋಡಲು ಕಲಿಸಿದವರು ಅವರೇ. "ತೂಕ ಆಮೇಲೆ ನೋಡಪ್ಪಾ, ಮೊದ್ಲು ಕಾಲು ನೋಡು. ನಿಂತ್ಕೊಂಡ್ರೆ ತಾನೇ ತಿನ್ನೋದು?" ಎನ್ನುವರು.

ಒಂದು ಬ್ಯಾಚಿನಲ್ಲಿ ಕೋಳಿಗಳು ಕುಂಟತೊಡಗಿದವು. ಅಕ್ಕ ನನ್ನನ್ನು ಶೆಡ್ಡಿನ ಮೂಲೆಗೆ ಕರೆದೊಯ್ದರು. ಅಲ್ಲಿ ಜಾಲರಿ ಕಟ್ಟಿ ನಲವತ್ತು ಕೋಳಿಗಳನ್ನು ಬೇರೆ ಮಾಡಿದ್ದರು. ನೆಲಕ್ಕೆ ಅದೇ ಭತ್ತದ ಹೊಟ್ಟು, ಕುಡಿಯಲು ಅದೇ ನೀರು. ಫೀಡು ಮಾತ್ರ ಹಳೇ ಲೋಡಿನಲ್ಲಿ ಉಳಿದ ಚೀಲದ್ದು. ಆ ನಲವತ್ತೂ ಗಟ್ಟಿಯಾಗಿ ಓಡಾಡುತ್ತಿದ್ದವು.

"ಹೊಸ ಫೀಡಲ್ಲಿ ಏನೋ ತೆಗ್ದವ್ರೆ ಕಣಪ್ಪಾ. ಹೋಗಿ ಕೇಳು."

ಕಂಪನಿಯಲ್ಲಿ ಕೇಳಿದೆ. ಸತು, ಮ್ಯಾಂಗನೀಸ್‌ನಂಥ ಖನಿಜಗಳು ಫೀಡಿಗೆ ಚಿಟಿಕೆಯಷ್ಟೇ ಬೇಕು, ಆದರೆ ಮೂಳೆಗೂ ಅಂಗಾಲಿಗೂ ಅವೇ ಆಧಾರ. ಮೊದಲು ಹಾಕುತ್ತಿದ್ದದ್ದು ಸಾವಯವ ರೂಪದ್ದು, ಸ್ವಲ್ಪ ಹಾಕಿದರೂ ಕೋಳಿಯ ಮೈಗೆ ಹತ್ತುವಂಥದ್ದು. ಅಗ್ಗದ ಮಾಮೂಲಿ ಪುಡಿ ಹಾಕುವುದೂ ತಪ್ಪಲ್ಲ, ಹೆಚ್ಚು ಹಾಕಬೇಕು ಅಷ್ಟೆ. ಈ ಪುಣ್ಯಾತ್ಮರು ಪುಡಿ ಬದಲಾಯಿಸಿದರು, ಅಳತೆ ಬದಲಾಯಿಸಲಿಲ್ಲ. ಚೀಲದ ಚೀಟಿಯನ್ನಂತೂ ಮುಟ್ಟಲೇ ಇಲ್ಲ. ಅದರ ಮೇಲೆ 'ಸಾವಯವ ಖನಿಜಯುಕ್ತ' ಎಂದು ಹಾಗೇ ಇತ್ತು. ಮ್ಯಾನೇಜರ್ ತಲೆ ಎತ್ತದೆ, "ಶೆಡ್ಡಲ್ಲಿ ಹೊಟ್ಟು ಒದ್ದೆ ಇತ್ತು ಅಂತ ಬರೀರಿ" ಎಂದ. ಒದ್ದೆ ಹೊಟ್ಟಿನಲ್ಲೂ ಅಂಗಾಲು ಹುಣ್ಣಾಗಿ ಕೋಳಿ ಕುಂಟುತ್ತದೆ, ಆಗ ತಪ್ಪು ಸಾಕಿದವರದ್ದು.

ಬರೆದೆ! ಒಣಗಿ ಗರಗರ ಎನ್ನುತ್ತಿದ್ದ ಹೊಟ್ಟನ್ನು ಕೈಯಾರೆ ಹಿಡಿದು ನೋಡಿದ್ದವನು, ಒದ್ದೆ ಎಂದು ಬರೆದೆ. ಇವತ್ತಿಗೂ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅಕ್ಕನಿಗೆ ಮರಿ ಕೊಡುವುದನ್ನು ಕಂಪನಿ ನಿಲ್ಲಿಸಿತು. ಅವರು ನನ್ನಲ್ಲಿ ಕೇಳಿದ್ದು ಒಂದೇ: "ಮರಿ ಬ್ಯಾಡಪ್ಪಾ. ನೀನೂ ನೋಡಿದ್ಯಲ್ಲ, ಅದನ್ನ ನಾಕು ಜನಕ್ಕೆ ಹೇಳು ಸಾಕು." ನಾನು ಬೈಕ್ ಹತ್ತಿ ಬಂದುಬಿಟ್ಟೆ.

ಹೋದ ವರ್ಷ ಅಕ್ಕ ತೀರಿಕೊಂಡರು. ತಿಥಿ ಊಟದ ಪಂಕ್ತಿಯಲ್ಲಿ ಪಕ್ಕದವರೊಬ್ಬರು ಮರುಕದಿಂದಲೇ ಅಂದರು: "ಪಾಪ, ಒಳ್ಳೆ ಹೆಂಗ್ಸು. ಕೋಳಿ ಶೆಡ್ಡೊಂದು ನೀಟಾಗಿ ಇಟ್ಕೊಳ್ತಿರ್ಲಿಲ್ಲವಂತೆ."

ಮೈ ಉರಿಯಿತು. ಕಂಪನಿ ಆ ಮಾತನ್ನು ಊರಿಗೆಲ್ಲ ಹಂಚಿತ್ತು, ಬರೆದ ಕೈ ಮಾತ್ರ ನನ್ನದು. ಎಲೆ ಬಿಟ್ಟು ಎದ್ದು, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದೆ: "ಆ ಶೆಡ್ಡಲ್ಲಿ ಹೊಟ್ಟು ಒಣಗಿತ್ತು. ಕೆಟ್ಟಿದ್ದು ಕಂಪನಿ ಫೀಡು. ಸುಳ್ಳು ಬರೆದೋನು ನಾನು."

ಸಾರಿನ ಬಕೆಟ್ ಹಿಡಿದಿದ್ದ ಅಕ್ಕನ ಮಗಳು ಅಲ್ಲೇ ನಿಂತಳು.

"ಅಮ್ಮ ಇದ್ದಾಗ ಹೇಳ್ಬೇಕಿತ್ತಣ್ಣ" ಎಂದಳು.