ಅಜ್ಜಿಯ ಹಣೆಯ ಲೀರಾ

ಹುಳಿ ಹುಳಿ ಲೋಹದ ವಾಸನೆ. ಕೋವಿಡ್ ಇಳಿದ ವರ್ಷ, ಮಗಳಿರುವ ಪರದೇಶದ ಊರಾದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮ ಎದುರುಮನೆಯ ಮುದುಕಿ ಸತ್ತಳು. ಅವಳ ಮಕ್ಕಳು ಸಾಮಾನನ್ನೆಲ್ಲ ಗರಾಜ್ ಸೇಲ್‌ಗೆ ಇಟ್ಟಿದ್ದರು. ಬಿಸ್ಕತ್ತಿನ ಡಬ್ಬಿಯೊಂದರ ತುಂಬ ನಾಣ್ಯ. ಒಂದನ್ನು ಎತ್ತಿ ಮೂಸಿದೆ. ಮೀಸೆಯ ರಾಜನ ಮುಖ.

"ಅಮ್ಮ, ಅದು ಇಟಲಿ ಲೀರಾ. ಅಲ್ಲೀಗ ಯೂರೋ. ಇದು ಎಲ್ಲೂ ಓಡಲ್ಲ, ವಾಪಸ್ ಇಡಮ್ಮ," ಎಂದಳು ಮಗಳು.

"ನಂಗೆ ಗೊತ್ತಿರೋ ದುಡ್ಡು ಕಣೇ ಇದು."

"ನೀನು ಯಾವಾಗ ಇಟಲಿಗೆ ಹೋಗಿದ್ದೆ?"

ಹೋಗಿರಲಿಲ್ಲ. ಇಟಲಿಯೇ ನಮ್ಮ ಹಿತ್ತಿಲಿಗೆ ಬಂದಿತ್ತು. ನಾನು ಚಿಕ್ಕವಳಿದ್ದಾಗ, ಯುದ್ಧದ ಕಾಲದಲ್ಲಿ, ಬೆಂಗಳೂರಿನ ಜಾಲಹಳ್ಳಿ ಕಡೆ ಆ ದೇಶದ ಸೆರೆ ಸಿಪಾಯಿಗಳನ್ನು ಇಟ್ಟಿದ್ದರು. ಅವರ ಬಟ್ಟೆ ಒಗೆಯುವುದು ನಮ್ಮವ್ವನ ಕೆಲಸ. ನಮ್ಮ ಮನೆಯೆಂದರೆ ಬಟ್ಟೆ ಬೇಯುವ ಹಬೆ, ಸೌಳುಮಣ್ಣಿನ ಘಾಟು, ಹಗ್ಗದ ಮೇಲೆ ತಲೆಯಿಲ್ಲದ ಗಂಡಸರಂತೆ ತೂಗುವ ಅಂಗಿಗಳು. ಜೇಬಿನಲ್ಲಿ ಗುಂಡಿ ಸಿಕ್ಕರೂ ಹಿಂದಕ್ಕೆ ಕೊಡಬೇಕು. "ಇನ್ನೊಬ್ರ ಬೆವರು ತೊಳೀಬೋದು, ಇಟ್ಕೋಬಾರ್ದು," ಎನ್ನುತ್ತಿದ್ದಳು. ಒಂದು ಸಲ ಒಬ್ಬ ಸಿಪಾಯಿಯ ಜೇಬಿನಲ್ಲಿ ಲೀರಾ ಸಿಕ್ಕಿತು. ಕೊಡಲೆಂದು ಗೋಡೆಯ ಗೂಡಿನಲ್ಲಿಟ್ಟಳು. ಅದೇ ವಾರ ಅಜ್ಜಿ ಸತ್ತಳು. ಬೈಗುಳದ ಬಾಯಿ ಅವಳದು, ನನ್ನನ್ನು ಮಾತ್ರ ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು. ಹೆಣಕ್ಕೆ ನೀರು ಹಾಕಿ ಕೂರಿಸಿದ್ದರು. "ಹಣೆಗೆ ದುಡ್ಡು ತರ್ರೋ, ದಾರಿಗೆ ಬೇಕು!" ಎಂದು ದೊಡ್ಡಪ್ಪ ಕೂಗಿದ. ನನಗೆ ಗೊತ್ತಿದ್ದ ದುಡ್ಡು ಅದೊಂದೇ. ಓಡಿ ತಂದುಕೊಟ್ಟೆ. ಅಳುವವರ ಗಲಾಟೆಯಲ್ಲಿ ಅದು ಯಾವ ದುಡ್ಡೆಂದು ಯಾರೂ ನೋಡಲಿಲ್ಲ. ರಾಜನ ಮುಖವನ್ನು ಕುಂಕುಮ ಮುಚ್ಚಿತು, ಆಮೇಲೆ ಮಣ್ಣು ಮುಚ್ಚಿತು.

ಮರುದಿನ ಆ ಸಿಪಾಯಿ ಕಾವಲುಗಾರನ ಜೊತೆ ಬಂದ. ಅಂಗೈ ಮೇಲೆ ಬೆರಳಿನಿಂದ ದುಂಡಗೆ ಗೀಚಿ, "ಮಮ್ಮ, ಮಮ್ಮ," ಎಂದ. ಅದು ಅವನ ತಾಯಿ ಕೊಟ್ಟದ್ದೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವ್ವ ಬರಿದಾದ ಗೂಡು ನೋಡಿದಳು, ನನ್ನನ್ನು ನೋಡಿದಳು. ನಾನು ಹಣೆ ಮುಟ್ಟಿ ತೋರಿಸಿದೆ. ಹೊಡೆಯಲಿಲ್ಲ. ಅವನಿಗೆ ಕೂರಲು ಸನ್ನೆ ಮಾಡಿ, ಗುದ್ದಲಿ ಹಿಡಿದು ಮಸಣದ ಕಡೆ ನಡೆದಳು. ಉರಿಬಿಸಿಲು. ಗಾಳಿಯೇ ಇರಲಿಲ್ಲ, ಆದರೂ ಹಗ್ಗದ ಮೇಲಿನ ಅಂಗಿಗಳು ಅಲ್ಲಾಡುತ್ತಿದ್ದವು. ಅವ್ವ ಬಂದಾಗ ಮೊಣಕೈವರೆಗೆ ಮಣ್ಣು. ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಟ್ಟಳು. ಅವನು ಅದಕ್ಕೆ ಮುತ್ತಿಟ್ಟ.

ಅವನು ಹೋದ ಮೇಲೆ, "ಅಜ್ಜಿಗೆ ಬೇರೆ ಕಾಸು ಮಡಗಿದ್ಯಾ ಅವ್ವ?" ಎಂದೆ.

"ಬಟ್ಟೆ ಎತ್ತಿಡು ಹೋಗೇ."

ಮೂರನೇ ದಿನ ಹಾಲುತುಪ್ಪಕ್ಕೆ ಹೋದಾಗ ಬೇವಿನ ಮರದ ತುಂಬ ಕಾಗೆ. ಎಡೆಗೆ ಒಂದೂ ಇಳಿಯಲಿಲ್ಲ. "ಏನೋ ಆಸೆ ಉಳಿದೈತೆ ಮುದುಕಿಗೆ," ಎಂದ ದೊಡ್ಡಪ್ಪ ಸೀರೆ, ಎಲೆಅಡಿಕೆ, ಹೊಗೆಸೊಪ್ಪು ಎಲ್ಲ ಹೆಸರಿಸಿ ಬೇಡಿಕೊಂಡ. ಕಾಸಿನ ಹೆಸರು ಎತ್ತಬಲ್ಲವರು ನಾವಿಬ್ಬರೇ. ಇಬ್ಬರೂ ಬಾಯಿ ಬಿಡಲಿಲ್ಲ.

ಆ ಮನೆ, ಆ ಮಸಣ, ಎಲ್ಲದರ ಮೇಲೂ ಈಗ ಕಾರ್ಖಾನೆ ಇದೆ. ನಿಮ್ಮವೂ ಹೀಗೇ ಹೋಗಿರುತ್ತವೆ, ನಿಮಗೆ ಹೊಸದಾಗಿ ಹೇಳುವುದೇನಿಲ್ಲ. ಅವ್ವ ಸಾಯುವ ದಿನ, ಅಜ್ಜಿಗೆ ಬೇರೆ ಕಾಸು ಮಡಗಿದ್ಯಾ ಎಂದು ಮತ್ತೊಮ್ಮೆ ಕೇಳಿದೆ. ಅವಳು ನನ್ನ ಕೈ ಹಿಡಿದು ಗೋಡೆ ಕಡೆ ಹೊರಳಿದಳು. ಉಸಿರು ನಿಂತ ಮೇಲೆ ಆ ಬೆರಳುಗಳನ್ನು ಬಿಡಿಸಲು ಇಬ್ಬರು ಬೇಕಾದರು.