ಮೂರೆಸಳಿನ ಕಲ್ಲು

ಶಿರಾಲಿಯ ನಮ್ಮ ಪಕ್ಕದ ಮನೆಯವರು ಅಣುಸ್ಥಾವರದಿಂದ ನಿವೃತ್ತರಾದವರು. ವಿಕಿರಣ ಸೂಸುವ ಕಸವನ್ನು ಸಿಮೆಂಟಿನಲ್ಲಿ ಮುಚ್ಚಿ ಹುಗಿಯುವುದೇ ಅವರ ನೌಕರಿಯಾಗಿತ್ತು. ಚಹಾ ಲೋಟವನ್ನೂ ಮೈಯಿಂದ ದೂರ ಹಿಡಿದು, "ಹುಗಿಯುದು ಸುಲಭ ಮಾರಾಯ, ಮುನ್ನೂರು ವರ್ಷ ಯಾರೂ ಅಗೀಬಾರ್ದಲ್ಲ, ಅದೇ ಕಷ್ಟ" ಎನ್ನುತ್ತಿದ್ದರು.

ಒಮ್ಮೆ ಅವರ ಮನೆಯ ಥರ್ಮಾಮೀಟರ್ ಒಡೆಯಿತು. ಪಾದರಸವನ್ನು ಬಾಟಲಿಗೆ, ಬಾಟಲಿಯನ್ನು ಸಿಮೆಂಟಿಗೆ ಹಾಕಿ ಬೇಲಿಯ ಪಕ್ಕ ಹುಗಿದರು. ಮೇಲೊಂದು ಕಲ್ಲು ನೆಟ್ಟು, ಹಳೆಯ ಅಭ್ಯಾಸದಂತೆ ವಿಕಿರಣದ ಅಪಾಯ ಸೂಚಿಸುವ ಮೂರೆಸಳಿನ ಗುರುತು ಬರೆದರು.

ವಾರದೊಳಗೆ ಕಲ್ಲಿನ ಮೇಲೆ ದಾಸವಾಳ, ಕುಂಕುಮ ಬಂದವು. ಆಚೆಮನೆಯ ಅಮ್ಮ ಕೈಮುಗಿದು ಕೇಳಿದರು: "ಬಿಲ್ವಪತ್ರೆ ಬರ್ದೀರಿ. ಎಂತ ದೇವ್ರು ಇದು?"

ನಮ್ಮ ಪಕ್ಕದ ಮನೆಯವರು, "ಅಗೆದ್ರೆ ಸುಮ್ನೆ ಬಿಡುದಿಲ್ಲ, ಅಂಥಾ ದೇವ್ರು" ಎಂದರು.

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಆತು. ಮುನ್ನೂರು ವರ್ಷಕ್ಕೆ ಸಾಕು" ಎಂದರು.